ಮಾಗಿಯ ಹಿತ್ತಿಲು, ಬೆಳಿಗ್ಗೆ ಆರೂವರೆಯಿಂದ ಎಂಟು

ಬೆಂಗಳೂರಿನ ನನ್ನ ಹಿತ್ತಿಲು ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲ. ಮಾಗಿಯಲ್ಲಿ ಅಲ್ಲಿ ಮಾಡುವ ಕೆಲಸ ಕಡಿಮೆ, ನೋಡುವುದು ಜಾಸ್ತಿ. ನೋಡುವುದಕ್ಕೂ ಹೊತ್ತು ಬೇಕು, ಜಾಗ ಬೇಕು. ಒಂಬತ್ತೂವರೆಗೆ ಕಾಫಿ ಲೋಟ ಹಿಡಿದು ಹೋದರೆ ಕಾಣುವುದು ಒಣಗಿದ ಕಡ್ಡಿ, ಬೂದಿ ರೋಗ, ಅಷ್ಟೆ.

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ ಬೆಂಗಳೂರಿನಲ್ಲಿ ಸೂರ್ಯ ತೀರ ತಡವಾಗಿ ಏಳುವುದು ಜನವರಿ ಮೂರನೇ ವಾರದ ಹೊತ್ತಿಗೆ, 6.45ರ ಆಸುಪಾಸು. ಹಾಗಾಗಿ ಧನುರ್ಮಾಸದಲ್ಲಿ ಆರೂವರೆಗೆ, ಸಂಕ್ರಾಂತಿ ಕಳೆದ ಮೇಲೆ ಆರೂಮುಕ್ಕಾಲಿಗೆ ಬಾಗಿಲು ತೆಗೆಯುತ್ತೇನೆ. ಕುರ್ಚಿ ಪಶ್ಚಿಮದ ಗೋಡೆಯ ಪಕ್ಕ, ಮುಖ ಪೂರ್ವಕ್ಕೆ. ಬಿಸಿಲು ಗಿಡದ ಹಿಂದಿನಿಂದ ನಮ್ಮ ಕಡೆ ಬಂದರೆ ಜೇಡರ ಬಲೆಯ ಒಂದೊಂದು ಎಳೆಯೂ, ಬದನೆ ಎಲೆಯ ನವಿರು ರೋಮವೂ ಎದ್ದು ಕಾಣುತ್ತವೆ. ನಮ್ಮ ಬೆನ್ನ ಹಿಂದಿನಿಂದ ಬಂದರೆ ಎಲ್ಲ ಬರೀ ಹಸಿರು.

ಇಬ್ಬನಿ ‘ಬೀಳುತ್ತದೆ’ ಅನ್ನುವುದು ರೂಢಿ. ಮೇಲಿಂದ ಏನೂ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಾವಿನ ಮರದ ಕೆಳಗಿಟ್ಟ ಕುಂಡ ಒಣಗಿದ್ದು, ಬಯಲಿನದು ತೊಯ್ದಿರುವುದು ಇದಕ್ಕೇ. ಮಲಗುವ ಮುಂಚೆ ಒಮ್ಮೆ ಆಕಾಶ ನೋಡುತ್ತೇನೆ. ಮೋಡ ಕವಿದಿದ್ದರೆ ಮಾರನೆಯ ದಿನ ಇನ್ನರ್ಧ ಗಂಟೆ ಮಲಗಬಹುದು.

ಎಲೆಯ ಮೇಲಿನ ಹನಿಯೆಲ್ಲ ಇಬ್ಬನಿಯೂ ಅಲ್ಲ. ಟೊಮೇಟೊ, ಕೆಸು, ಗರಿಕೆಯ ತುದಿ ನೋಡಿ: ಹನಿ ಎಲೆಯ ತುಂಬ ಚೆಲ್ಲಿರದೆ ಅಂಚಿನಲ್ಲಿ ಮಾತ್ರ, ಹಲ್ಲಿಗೊಂದರಂತೆ ಪೋಣಿಸಿದ ಹಾಗಿರುತ್ತದೆ. ಅದು ರಾತ್ರಿ ಬೇರು ಒತ್ತಿ ಹೊರಗೆ ಕಳಿಸಿದ ನೀರು. ಬೆರಳಲ್ಲಿ ಒರೆಸಿ ಸ್ವಲ್ಪ ಹೊತ್ತು ಕಾಯಿರಿ. ಬಿಸಿಲು ತಾಗದಿದ್ದರೆ ಅಂಚಿನ ಹನಿ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಇದು ಬೇಕೆಂದರೆ ಹಿಂದಿನ ಸಂಜೆ ಐದರೊಳಗೆ ಬುಡಕ್ಕೆ ನೀರು ಕೊಡಬೇಕು. ಪೈಪು ಹಿಡಿದು ಎಲೆಯ ಮೇಲೆ ಸುರಿಯುವ ಅಭ್ಯಾಸ ಬೇಡ. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಚುಕ್ಕಿ ರೋಗ, ಅಂಗಮಾರಿ ಬೇಗ ಅಂಟುತ್ತವೆ.

ಗರಿಕೆ ಹಾಸಿದ್ದರೆ ಇನ್ನೊಂದು ಪುಕ್ಕಟೆ ಆಟ ಇದೆ. ಬಿಸಿಲು ಬಿದ್ದ ಮೊದಲ ಹದಿನೈದು ನಿಮಿಷದೊಳಗೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಇಬ್ಬನಿಯ ಮೇಲೆ ಉದ್ದಕ್ಕೆ ಚಾಚಿದ ನಿಮ್ಮ ನೆರಳಿನ ತಲೆಯನ್ನು ನೋಡಿ. ಸುತ್ತ ಬೆಳ್ಳಗೆ ಪ್ರಭಾವಳಿ. ಪ್ರತಿ ಹನಿಯೂ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ಹೀಗೆ. ಪಕ್ಕದಲ್ಲಿ ನಿಂತವರಿಗೆ ಅವರವರ ತಲೆಯ ಸುತ್ತಲದ್ದು ಮಾತ್ರ ಕಾಣುತ್ತದೆ.

ಸಂಜೆಯ ನೋಟಕ್ಕೆ ಬೇಕಾದದ್ದು ಒಣಗಿದ ತುಳಸಿ, ಕಾಮಕಸ್ತೂರಿ ಕಡ್ಡಿಗಳು. ಹೂ ಮುಗಿಯಿತೆಂದು ಕತ್ತರಿಸಬೇಡಿ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳು ಗೂಡಿನಲ್ಲಿ ಮಲಗುವುದಿಲ್ಲ. ಕತ್ತಲಾಗುವ ಮುಂಚೆ ಬೆಂಕಿಕಡ್ಡಿಯಷ್ಟೇ ಸಪೂರದ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಒಂದರ ಮೇಲೊಂದು ಸಾಲಾಗಿ ನಿದ್ದೆ ಹೋಗುತ್ತವೆ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಸುತ್ತಿ, ಒಂದಡಿ ದೂರದಿಂದ ನೋಡುವುದು ಒಳ್ಳೆಯದು. ಬೆಳಿಗ್ಗೆ ಆರೂವರೆಗೂ ಹಾಗೇ ಇರುತ್ತವೆ, ಮೈಮೇಲೆ ಹನಿ ಹೊತ್ತುಕೊಂಡು. ಮಳೆ, ಗಾಳಿಗೆ ಮರೆಯಿರುವ ಮೂಲೆಯ ಕಡ್ಡಿಗೆ ದಿನವೂ ಬರುವುದುಂಟು. ಕಡ್ಡಿ ಮುರಿದರೆ ಆ ಸಾಲೂ ಹೋಯಿತು.

ಮಾಗಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಬೆಳಕಿನಿಂದ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ದಕ್ಷಿಣದ ಆರಡಿ ಗೋಡೆ ಸುಮಾರು ನಾಲ್ಕೂವರೆ ಅಡಿ ನೆರಳು ಚಾಚುತ್ತದೆ. ಮಳೆಗಾಲದಲ್ಲಿ ಅಲ್ಲಿಟ್ಟ ಸೇವಂತಿಗೆ ಕುಂಡ ಸೊರಗಿದರೆ ಗೊಬ್ಬರದ ಕೊರತೆ ಅಂದುಕೊಳ್ಳಬೇಡಿ, ಐದಡಿ ಉತ್ತರಕ್ಕೆ ಸರಿಸಿ ನೋಡಿ. ಗಿಡ ದಷ್ಟಪುಷ್ಟವಾಗಿದ್ದೂ ಮೊಗ್ಗು ಬರದಿದ್ದರೆ ಬಾಗಿಲ ದೀಪವನ್ನು ಅನುಮಾನಿಸಿ. ಸೇವಂತಿಗೆ ಮೊಗ್ಗು ಹಿಡಿಯಲು ಉದ್ದನೆಯ ಕತ್ತಲು ಬೇಕು; ರಾತ್ರಿಯಿಡೀ ಬಲ್ಬು ಉರಿಯುವ ಕಡೆ ಅದು ಎಲೆ ಬಿಡುತ್ತಲೇ ಇರುತ್ತದೆ. ನಾಟಿ ಅವರೆಯದೂ ಇದೇ ಸ್ವಭಾವ, ಹಗಲು ಕುಗ್ಗಿದ ಮೇಲೆಯೇ ಹೂ. ವರ್ಷವಿಡೀ ಕಾಯಿ ಕೊಡುವ ಹೆಬ್ಬಾಳ ಅವರೆ ತಳಿಗಳಿಗೆ ಈ ಹಂಗಿಲ್ಲ. ಬೇಲಿಗೆ ಮಾತ್ರ ನಾನು ಹಾಕುವುದು ನಾಟಿಯನ್ನೇ, ಆಗಸ್ಟಿನಲ್ಲಿ, ಗುಳಿಗೆ ಎರಡು ಬೀಜದಂತೆ. ಕಾಯಿ ಬಲಿತ ಮೇಲೆ ಬೆಳಿಗ್ಗೆ ಒಂದನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ಸೊಗಡು. ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಗುಟಿನದು ಆ ವಾಸನೆ, ಸೋಪು ಹಾಕಿ ತೊಳೆದರೂ ತಿಂಡಿಯ ಹೊತ್ತಿನವರೆಗೂ ಬೆರಳು ಬಿಡುವುದಿಲ್ಲ.

ಅದೇ ಬಳ್ಳಿಯ ಕುಡಿಗೆ ಕಪ್ಪು ಸಸ್ಯಹೇನು ಮುತ್ತಿದಾಗ ಕೈ ತಟ್ಟನೆ ಬೇವಿನೆಣ್ಣೆಗೆ ಹೋಗುತ್ತದೆ. ಮೊದಲು ಕುಡಿ ತಿರುಗಿಸಿ ನೋಡುವುದು ಲೇಸು. ಪುಟ್ಟ ಮೊಸಳೆಯಂಥ, ಬೂದು ಮೈಗೆ ಮಾಸಲು ಹಳದಿ ಚುಕ್ಕಿಯ ಹುಳು ಕಂಡರೆ ಅದು ಗುಲಗಂಜಿ ಹುಳುವಿನ ಮರಿ. ಹೇನನ್ನು ಹಿಡಿದು ಹೀರಿ, ಖಾಲಿ ತೊಗಲನ್ನು ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಭೂತಕನ್ನಡಿಯಲ್ಲಿ ನೋಡಬಹುದು. ಕುಡಿಗೆ ಎರಡು ಮೂರು ಮರಿ ಇದ್ದರೆ ಸಿಂಪಡಿಸುವುದಿಲ್ಲ, ಒಂದು ವಾರ ಬಿಡುತ್ತೇನೆ. ಕಟ್ಟಿರುವೆ ಕಾವಲಿದ್ದರೆ ಈ ಲೆಕ್ಕ ತಪ್ಪುತ್ತದೆ. ಇರುವೆ ಮರಿಗಳನ್ನು ಓಡಿಸುತ್ತದೆ. ಆಗ ಆ ಕುಡಿಯನ್ನೇ ಚಿವುಟಿ ಬಕೆಟ್ಟಿನ ನೀರಿಗೆ ಹಾಕುವುದು.

ಹಕ್ಕಿಗೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು. ಒಂದಿಂಚು ನೀರು, ನಡುವೆ ಒಂದು ಒರಟು ಕಲ್ಲು. ಎಂಟು ಗಂಟೆಗೆ ಬಿಸಿಲು ಬೀಳುವ ಕಡೆ ಇಟ್ಟರೆ ಪಿಕಳಾರಗಳು ಚಳಿಯಲ್ಲೂ ಮೀಯುತ್ತವೆ. ನೆರಳಿನಲ್ಲಿಟ್ಟರೆ ಕುಡಿದು ಹೋಗುತ್ತವೆ, ಮೀಯುವುದಿಲ್ಲ.