ತೋಟದ ಔಷಧಿ ಹೊಟ್ಟೆಗೆ ಹೋದಾಗ: ತಾಲ್ಲೂಕು ಆಸ್ಪತ್ರೆಯ ಮೊದಲ ಒಂದು ಗಂಟೆ

‘ತೋಟದ ಔಷಧಿ ಕುಡಿದುಬಿಟ್ಟಿದ್ದಾರೆ’ ಎಂದಷ್ಟೇ ಹೇಳಿ ಕರೆತಂದರೆ ಅದು ಯಾವ ಔಷಧಿ ಎಂದು ಗೊತ್ತಾಗುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿಯ ಬಿಳಿ ಕಾಂಡಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ಇರಬಹುದು, ಕಳೆ ಸುಡುವ ಪ್ಯಾರಾಕ್ವಾಟ್ ಕೂಡ ಇರಬಹುದು. ಬಾಟಲಿ ತರಲು ಒಬ್ಬರನ್ನು ಕೂಡಲೇ ಓಡಿಸಿ. ಪ್ಯಾರಾಕ್ವಾಟ್ ಆದರೆ ಆಮ್ಲಜನಕವನ್ನು ಸುಮ್ಮನೆ ಕೊಡಬಾರದು, ಅದು ಶ್ವಾಸಕೋಶವನ್ನು ಇನ್ನಷ್ಟು ಸುಡುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ (ನರಗಳ ಮೇಲೆ ಕೆಲಸ ಮಾಡುವ ಕೀಟನಾಶಕಗಳ ಗುಂಪು) ಆದರೆ ಮೊದಲು ಬೇಕಾದದ್ದೇ ಆಮ್ಲಜನಕ. ಇಲ್ಲಿ ಹೇಳಿರುವುದು ಈ ಆರ್ಗನೋಫಾಸ್ಫೇಟ್ ವಿಷದ ಬಗ್ಗೆ.

ಬಾಟಲಿ ಬರುವವರೆಗೆ ಮೈ ನೋಡಿ. ಸೂಜಿಮೊನೆಯಷ್ಟು ಪಾಪೆ, ಸುರಿಯುವ ಜೊಲ್ಲು, ಬೆವರು, ವಾಂತಿ, ಭೇದಿ, ಎದೆಯಲ್ಲಿ ಗೊರಗೊರ, ಚರ್ಮದಡಿ ಅಲ್ಲಲ್ಲಿ ಅದುರುವ ಸ್ನಾಯು. ನಾಡಿ ನಿಧಾನವಾಗಿರಲೇಬೇಕು ಅಂತಿಲ್ಲ. ಆರಂಭದಲ್ಲಿ ವೇಗವಾಗಿಯೂ ಓಡಬಹುದು. ಅದನ್ನು ನೋಡಿ, ಕಫ ಒಣಗಿಸಿ ನಾಡಿ ಏರಿಸುವ ಮದ್ದಾದ ಅಟ್ರೋಪಿನ್‌ಗೆ ಹಿಂಜರಿದರೆ ರೋಗಿ ತನ್ನದೇ ಕಫದಲ್ಲಿ ಮುಳುಗುತ್ತಾನೆ.

ಎಡಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸಿ, ಸಕ್ಷನ್ (ಕಫ ಹೀರುವ ಯಂತ್ರ) ಹಾಕಿ, ಆಮ್ಲಜನಕ ಹಚ್ಚಿ, ಎರಡು ಐವಿ ಲೈನ್ ಹಾಕಿ. ಕಿಟಕಿ ತೆರೆದಿರಲಿ, ಎಲ್ಲರ ಕೈಗೂ ಗ್ಲೌಸ್ ಇರಲಿ. ಬಟ್ಟೆಯೆಲ್ಲ ಬಿಚ್ಚಿ ಚೀಲದಲ್ಲಿ ಕಟ್ಟಿಡಿ; ಚರ್ಮದ ಬೆಲ್ಟು, ವಾಚಿನ ಪಟ್ಟಿ ವಿಷ ಹೀರಿರುತ್ತವೆ, ಅವನ್ನು ಮತ್ತೆ ಹಾಕಿಕೊಳ್ಳಲು ಕೊಡಬೇಡಿ. ಕೂದಲು, ಕಿವಿಯ ಹಿಂದೆ, ಉಗುರಿನ ಸಂದಿ ಎಲ್ಲವನ್ನೂ ಸೋಪುನೀರಿನಲ್ಲಿ ತೊಳೆಯಿರಿ. ಆದರೆ ತೊಳೆಯುವುದಕ್ಕಾಗಿ ಅಟ್ರೋಪಿನ್ ಕಾಯಬಾರದು.

ಮನೆಯಲ್ಲಿ ಉಪ್ಪುನೀರು, ಹುಣಸೆಹಣ್ಣಿನ ನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಅಪಾಯದ್ದು. ಔಷಧಿಯಲ್ಲಿ ಬೆರೆತ ಸೀಮೆಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ತೊಳೆಯುವುದೂ ಕುಡಿದು ಒಂದೆರಡು ಗಂಟೆಯೊಳಗೆ, ಉಸಿರುದಾರಿ ಭದ್ರವಾಗಿದ್ದರೆ ಮಾತ್ರ.

ಇನ್ನು ಅಟ್ರೋಪಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪೂಲ್ 1 ಮಿ.ಲೀ.ಗೆ 0.6 ಮಿ.ಗ್ರಾಂ. ವಯಸ್ಕರಿಗೆ ಮೊದಲ ಡೋಸ್ 3 ಮಿ.ಗ್ರಾಂ, ಅಂದರೆ 5 ಆಂಪೂಲ್. ಐದು ನಿಮಿಷಕ್ಕೆ ಎದೆ ಕೇಳಿ. ಸುಧಾರಿಸಿಲ್ಲದಿದ್ದರೆ 10 ಆಂಪೂಲ್, ಮತ್ತೈದು ನಿಮಿಷಕ್ಕೆ 20. ಹೀಗೆ ದುಪ್ಪಟ್ಟು ಮಾಡುತ್ತ ಹೋಗಿ. ಒಬ್ಬರು ಒಡೆಯಲು, ಒಬ್ಬರು ಸಿರಿಂಜಿಗೆ ಎಳೆಯಲು, ಒಬ್ಬರು ಕೊಡಲು ಬೇಕು. ಒಬ್ಬರೇ ನರ್ಸ್ ಇದ್ದರೆ ಆಂಪೂಲ್ ಒಡೆಯುವುದರಲ್ಲೇ ಐದು ನಿಮಿಷ ಕಳೆದುಹೋಗುತ್ತದೆ. ಹೆಚ್ಚಿನ ಕಡೆ ಎಡವುವುದು ಇಲ್ಲೇ: ಪ್ರತಿ ಸಲ ಎರಡೆರಡು ಆಂಪೂಲ್ ಕೊಟ್ಟು ಗಂಟೆಗಟ್ಟಲೆ ಕಾಯುವುದು.

ನಿಲ್ಲಿಸಬೇಕಾದ ಗುರುತು ಪಾಪೆಯಲ್ಲ, ಅದು ಹಿಗ್ಗಲು ತಡವಾಗುತ್ತದೆ. ಎದೆಯಲ್ಲಿ ಗೊರಗೊರ ನಿಂತಿರಬೇಕು, ಕಂಕುಳು ಒಣಗಿರಬೇಕು, ನಾಡಿ 80 ದಾಟಿರಬೇಕು, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿರಬೇಕು. ಅಲ್ಲಿಗೆ ತಲುಪಲು ಹಿಡಿದ ಒಟ್ಟು ಡೋಸ್‌ನ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್‌ನಲ್ಲಿ ಬಿಡಿ. 3, 6, 12 ಸೇರಿ 21 ಮಿ.ಗ್ರಾಂ ಹಿಡಿದಿದ್ದರೆ ಗಂಟೆಗೆ 2ರಿಂದ 4 ಮಿ.ಗ್ರಾಂ. ರೋಗಿ ಗಾಳಿ ಹಿಡಿದವರಂತೆ ಬಡಬಡಿಸುತ್ತ, ಜ್ವರ ಏರಿ, ಕರುಳಿನ ಸದ್ದೂ ನಿಂತರೆ ಅದು ಅತಿಯಾಗಿದೆ. 30 ನಿಮಿಷ ನಿಲ್ಲಿಸಿ, ಆ ಲಕ್ಷಣಗಳು ಇಳಿದ ಮೇಲೆ ಹಿಂದಿನದರ ಶೇ. 80ರ ವೇಗದಲ್ಲಿ ಮತ್ತೆ ಹಚ್ಚಿ. ಫಿಟ್ಸ್ ಬಂದರೆ ಡಯಾಜೆಪಾಮ್ 10 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ.

ಪ್ರಾಲಿಡಾಕ್ಸಿಮ್ (ಈ ವಿಷಕ್ಕೆ ಕೊಡುವ ಇನ್ನೊಂದು ಮದ್ದು, ವಾರ್ಡಿನ ಮಾತಿನಲ್ಲಿ ‘ಪ್ಯಾಮ್’) ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಕೊಡುವುದಾದರೆ ದೇಹದ ತೂಕದ ಪ್ರತಿ ಕಿಲೋಗೆ 30 ಮಿ.ಗ್ರಾಂ, 20ರಿಂದ 30 ನಿಮಿಷದಲ್ಲಿ; ಬಳಿಕ ಗಂಟೆಗೆ ಕಿಲೋಗೆ 8 ಮಿ.ಗ್ರಾಂ. ಬೇಗ ತಳ್ಳಿದರೆ ವಾಂತಿಯಾಗುತ್ತದೆ, ಹೃದಯವೂ ನಿಲ್ಲಬಹುದು. ಅಟ್ರೋಪಿನ್‌ನ ಜಾಗಕ್ಕೆ ಇದು ಬರುವುದಿಲ್ಲ.

ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ. ಆಂಬುಲೆನ್ಸ್‌ನಲ್ಲಿ ಡ್ರಿಪ್ ಓಡುತ್ತಿರಲಿ, ಕೈಯಲ್ಲಿ ಕನಿಷ್ಠ 30 ಆಂಪೂಲ್, ಸಕ್ಷನ್ ಇರಲಿ. ಎಷ್ಟು ಅಟ್ರೋಪಿನ್, ಕೊನೆಯದು ಯಾವಾಗ ಎಂದು ಚೀಟಿಯಲ್ಲಿ ಬರೆದು ಕಳಿಸಿ. ಉಸಿರುದಾರಿಗೆ ಟ್ಯೂಬ್ ಹಾಕುವುದಿದ್ದರೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಬೇಡ. ಈ ವಿಷದಲ್ಲಿ ಆ ಸಡಿಲಿಕೆ ಗಂಟೆಗಟ್ಟಲೆ ಇಳಿಯುವುದಿಲ್ಲ.

ಚೇತರಿಸಿಕೊಂಡು ಮಾತಾಡುತ್ತಿದ್ದವರ ಉಸಿರು 24ರಿಂದ 96 ಗಂಟೆಗಳ ನಡುವೆ ಮತ್ತೆ ಸೋಲಬಹುದು. ಅಷ್ಟು ದಿನ ಪ್ರತಿ ಪಾಳಿಯಲ್ಲೂ ದಿಂಬಿನಿಂದ ತಲೆ ಎತ್ತಿಸಿ ನೋಡಿ, ಒಂದೇ ಉಸಿರಿನಲ್ಲಿ ಒಂದು, ಎರಡು ಎಣಿಸಲು ಹೇಳಿ. ತಲೆ ಎತ್ತಲಾಗದಿದ್ದರೆ ವೆಂಟಿಲೇಟರ್ ಇರುವ ಕಡೆ ಅಂದೇ ಸಾಗಿಸಿ. ಬೇಕೆಂದೇ ಕುಡಿದವರಾದರೆ ಮನೆಗೆ ಕಳಿಸುವ ಮುಂಚೆ ಮನೋವೈದ್ಯರ ಭೇಟಿಯಾಗಲಿ, ಮನೆಯವರ ಕೈಗೆ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆ 14416 ಬರೆದುಕೊಡಿ. ಉಳಿದ ಬಾಟಲಿಗಳಿಗೆ ತೋಟದ ಗೋದಾಮಿನಲ್ಲಿ ಬೀಗ ಬೀಳಲಿ.