ಜೇಬಿನಲ್ಲಿ 18 ಕಿಲೋಜೌಲ್

ಮೂರು ವರ್ಷ ನಾನು ಸೈಕಲ್ ಮೇಲೆ ಒಂದೇ ತಪ್ಪನ್ನು ಮಾಡಿಕೊಂಡು ಬಂದೆ. ಏರು ಶುರುವಾದ ಮೊದಲ ಒಂದು ನಿಮಿಷ ಹುಲಿ, ಕೊನೆಯ ಎರಡು ನಿಮಿಷ ಇಲಿ.

ಬುಡದಲ್ಲಿ ಕಾಲು ಹಗುರವಾಗಿರುತ್ತದೆ. ಉಸಿರು ಇನ್ನೂ ಏರಿರುವುದಿಲ್ಲ. ಪಕ್ಕದವನು ಒಂದು ಚಕ್ರದಷ್ಟು ಮುಂದೆ ಹೋದರೆ ಸಾಕು, ನಾನೂ ಎದ್ದು ನಿಂತು ತುಳಿಯುತ್ತಿದ್ದೆ. ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಪ್ರತಿ ಸಲ ಅದೇ ಮಾತು: "ಲೋ, ಈಗ್ಲೇ ಯಾಕೋ ಅಷ್ಟು ಒತ್ತೀಯ? ಮೇಲೆ ಸಿಗು, ನೋಡೋಣ." ಮೇಲೆ ಸಿಗುತ್ತಿದ್ದೆ, ಅವರು ನೀರು ಕುಡಿದು ಬಾಟಲಿ ಮುಚ್ಚುವ ಹೊತ್ತಿಗೆ.

ಎಷ್ಟು ಜೋರಾಗಿ ತುಳಿಯುತ್ತಿದ್ದೇನೆ ಅಂತ ವ್ಯಾಟ್‌ನಲ್ಲಿ ತೋರಿಸುವ ಪವರ್ ಮೀಟರ್ ಹಾಕಿಸಿಕೊಂಡ ಮೇಲೂ ಈ ಚಟ ಬಿಡಲಿಲ್ಲ. ನೋಡುತ್ತಿದ್ದದ್ದು ಸರಾಸರಿ ವ್ಯಾಟ್. ಸರಾಸರಿ ಬಹಳ ಒಳ್ಳೆಯ ಸುಳ್ಳುಗಾರ. ಹುಲಿ, ಇಲಿ ಎರಡನ್ನೂ ಕೂಡಿಸಿ ಭಾಗಿಸಿ ಒಂದು ಮರ್ಯಾದಸ್ಥ ಸಂಖ್ಯೆ ಕೊಟ್ಟುಬಿಡುತ್ತದೆ. ನಾನು ಎಲ್ಲಿ ಕೆಟ್ಟೆ ಅನ್ನೋದು ಅದರಲ್ಲಿ ಕಾಣುವುದೇ ಇಲ್ಲ. ಅದನ್ನು ತೋರಿಸಿದ್ದು ಡಬ್ಲ್ಯೂ ಪ್ರೈಮ್ ಬ್ಯಾಲೆನ್ಸ್ ಎಂಬ ಇನ್ನೊಂದು ಲೆಕ್ಕ.

ಲೆಕ್ಕ ಸರಳ. ಪ್ರತಿಯೊಬ್ಬರಿಗೂ ಒಂದು ಕ್ರಿಟಿಕಲ್ ಪವರ್ ಇರುತ್ತದೆ, ಚಿಕ್ಕದಾಗಿ ಸಿಪಿ. ಅದರ ಕೆಳಗೆ ತುಳಿದರೆ ಬಹಳ ಹೊತ್ತು ತುಳಿಯಬಹುದು. ಅದರ ಮೇಲೆ ಹೋದರೆ ಪ್ರತಿ ಸೆಕೆಂಡಿಗೂ ಒಂದು ಗಂಟಿನಿಂದ ಖರ್ಚಾಗುತ್ತಾ ಹೋಗುತ್ತದೆ. ಆ ಗಂಟೇ ಡಬ್ಲ್ಯೂ ಪ್ರೈಮ್. ಅಳೆಯುವುದು ಜೌಲ್‌ಗಳಲ್ಲಿ. ಸಿಪಿಯನ್ನು ತಿಂಗಳ ಸಂಬಳ ಅಂದುಕೊಳ್ಳಿ, ಡಬ್ಲ್ಯೂ ಪ್ರೈಮ್ ಜೇಬಿನಲ್ಲಿರುವ ದುಡ್ಡು. ಸಂಬಳದೊಳಗೆ ಬದುಕಿದರೆ ಜೇಬು ನಿಧಾನವಾಗಿ ತುಂಬುತ್ತದೆ. ಮೀರಿದರೆ ಖಾಲಿ. ಜೇಬಿನಲ್ಲಿ ಈಗ ಎಷ್ಟು ಉಳಿದಿದೆ ಅನ್ನೋದೇ ಬ್ಯಾಲೆನ್ಸ್.

ಈ ಯೋಚನೆ ಹೊಸದೇನಲ್ಲ. 1965ರಲ್ಲಿ ಮೊನೊ ಮತ್ತು ಶೆರೆರ್ ಎಂಬಿಬ್ಬರು ಒಂದೊಂದು ಸ್ನಾಯು ಗುಂಪಿನ ದುಡಿಮೆ ಅಳೆಯುವಾಗ ಇದನ್ನು ಕಂಡುಕೊಂಡರು. 1981ರಲ್ಲಿ ಮೊರಿಟಾನಿ ಮತ್ತು ಸಂಗಡಿಗರು ಇದನ್ನು ಸೈಕಲ್ ತುಳಿಯುವುದಕ್ಕೆ ತಂದರು. 2012ರಲ್ಲಿ ಸ್ಕಿಬಾ ಮತ್ತು ಸಂಗಡಿಗರು ಖರ್ಚಾದದ್ದು ಹೇಗೆ ವಾಪಸ್ ತುಂಬುತ್ತದೆ ಅನ್ನುವ ಸೂತ್ರ ಕೊಟ್ಟರು. ಹ್ಯಾಂಡಲ್ ಮೇಲಿನ ಕಂಪ್ಯೂಟರ್‌ನಲ್ಲಿ ಜೇಬು ಏರಿಳಿಯುವುದನ್ನು ಹೋಗ್ತಾ ಹೋಗ್ತಾ ನೋಡುವ ಹಾಗೆ ಆದದ್ದು ಆಮೇಲೆ.

ನನ್ನ ಎರಡು ಸಂಖ್ಯೆಗಳನ್ನು ಹುಡುಕಲು ಎರಡು ಟೆಸ್ಟ್ ಮಾಡಿದೆ. ಒಂದು 3 ನಿಮಿಷದ್ದು, ಇನ್ನೊಂದು 12 ನಿಮಿಷದ್ದು. ಬೇರೆ ಬೇರೆ ದಿನ, ಒಂದೇ ಏರಿನಲ್ಲಿ. ಎರಡರಲ್ಲೂ ಉಳಿಸಿಕೊಳ್ಳದೆ ತುಳಿಯಬೇಕು. 3 ನಿಮಿಷಕ್ಕೆ 350 ವ್ಯಾಟ್ ಬಂತು. 12 ನಿಮಿಷಕ್ಕೆ 265. ವ್ಯಾಟನ್ನು ಸೆಕೆಂಡಿನಿಂದ ಗುಣಿಸಿದರೆ ಮಾಡಿದ ಕೆಲಸ ಜೌಲ್‌ನಲ್ಲಿ ಸಿಗುತ್ತದೆ: 63,000 ಮತ್ತು 1,90,800. ಎರಡರ ವ್ಯತ್ಯಾಸವನ್ನು ಸಮಯದ ವ್ಯತ್ಯಾಸವಾದ 540 ಸೆಕೆಂಡಿನಿಂದ ಭಾಗಿಸಿದರೆ ಸಿಪಿ, ಸುಮಾರು 237. 63,000 ಜೌಲ್‌ನಲ್ಲಿ ಸಿಪಿ 3 ನಿಮಿಷಕ್ಕೆ ಕೊಟ್ಟದ್ದನ್ನು ಕಳೆದರೆ ಉಳಿಯುವ 20.4 ಕಿಲೋಜೌಲ್ ಡಬ್ಲ್ಯೂ ಪ್ರೈಮ್. ಇಪ್ಪತ್ತು ದಾಟಿತಲ್ಲ ಅಂತ ಒಳಗೊಳಗೇ ಬೀಗಿದೆ.

ಬೀಗಿದ್ದು ಎರಡೇ ವಾರ. ಒಂದು ಭಾನುವಾರ ಗುಂಪಿನ ಹುರುಪಿನಲ್ಲಿ ಅದೇ ಏರನ್ನು 12 ನಿಮಿಷ 275 ವ್ಯಾಟ್‌ನಲ್ಲಿ ಹತ್ತಿಬಿಟ್ಟೆ. ಮೇಲೆ ಹೋಗಿ ಸ್ಕ್ರೀನ್ ನೋಡಿದರೆ ಮೈನಸ್ 7 ಕಿಲೋಜೌಲ್! ಲೆಕ್ಕದ ಪ್ರಕಾರ ಸೊನ್ನೆ ಅಂದರೆ ಮುಗಿಯಿತು, ಇನ್ನು ಸಿಪಿಗಿಂತ ಮೇಲೆ ತುಳಿಯಲು ಆಗಲ್ಲ ಅಂತ. ನಾನೋ ಸಾಲ ಮಾಡಿಕೊಂಡು ಹತ್ತಿದ್ದೆ. ಮೀಟರ್ ಕೆಟ್ಟಿದೆ ಅಂತ ಮೊದಲು ಅನ್ನಿಸಿತು. ಕೆಟ್ಟಿದ್ದು ನನ್ನ ಟೆಸ್ಟ್. ಒಬ್ಬನೇ ತುಳಿದಾಗ 12 ನಿಮಿಷದ ಟೆಸ್ಟಿನಲ್ಲಿ ನಡುವೆ ಸೋತು ಸಡಿಲಬಿಟ್ಟಿದ್ದೆ, ಅಷ್ಟೆ.

275 ಹಾಕಿ ಮತ್ತೆ ಲೆಕ್ಕ ಮಾಡಿದೆ. 12 ನಿಮಿಷದ ಕೆಲಸ 1,98,000 ಜೌಲ್ ಆಯಿತು. ಸಿಪಿ 250, ಡಬ್ಲ್ಯೂ ಪ್ರೈಮ್ 18. ಅಂದರೆ ಉದ್ದದ ಟೆಸ್ಟಿನಲ್ಲಿ ಸೋಮಾರಿತನ ಮಾಡಿದರೆ ಸಿಪಿ ಕುಗ್ಗಿ ಜೇಬು ಸುಳ್ಳು ಸುಳ್ಳೇ ಊದಿಕೊಳ್ಳುತ್ತದೆ. ಚಿಕ್ಕ ಟೆಸ್ಟಿನಲ್ಲಿ ಮಾಡಿದರೆ ಉಲ್ಟಾ. ಆ 350 ಬದಲು 335 ಬಂದಿದ್ದರೆ ಸಿಪಿ 255, ಜೇಬಿನಲ್ಲಿ ಬರೀ 14.4. ಎರಡು ಟೆಸ್ಟ್ ಮಾತ್ರ ಇದ್ದಾಗ ಒಂದರ ತಪ್ಪನ್ನು ಇನ್ನೊಂದು ತಿದ್ದುವುದಿಲ್ಲ. ಆಗುವುದಾದರೆ 5 ಅಥವಾ 7 ನಿಮಿಷದ ಮೂರನೆಯದನ್ನೂ ಸೇರಿಸಿ.

ಇನ್ನೊಂದು ತಪ್ಪನ್ನು ಗೆಳೆಯನೊಬ್ಬ ಮಾಡಿದ, ನನ್ನ ಕಣ್ಣೆದುರಿಗೇ. ಸಿಪಿ ಕೇಳುವ ಜಾಗದಲ್ಲಿ ತನ್ನ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಪವರ್, ತುಂಬಿಸಿದ. ಎರಡೂ ಒಂದೇ ಅಲ್ವಾ ಅಂದ. ಅಲ್ಲ. ಎಫ್‌ಟಿಪಿ ಸಾಮಾನ್ಯವಾಗಿ ಸಿಪಿಗಿಂತ ಸ್ವಲ್ಪ ಕೆಳಗೆ ಇರುತ್ತದೆ. ಹತ್ತು ಹನ್ನೆರಡು ವ್ಯಾಟ್ ತಾನೆ ಅನ್ನಿಸಬಹುದು. 12 ವ್ಯಾಟ್ ತಪ್ಪಿದ್ದರೆ 6 ನಿಮಿಷದ ಏರಿನಲ್ಲಿ 4.3 ಕಿಲೋಜೌಲ್ ತಪ್ಪು. 18ರಲ್ಲಿ ಕಾಲು ಭಾಗ ಹತ್ತಿರ ಹತ್ತಿರ. ಹೊರಡುವ ಮೊದಲು ಪವರ್ ಮೀಟರನ್ನು ಸೊನ್ನೆಗೆ ತರುವುದನ್ನು, ಅಂದರೆ ತುಳಿಯದಿರುವಾಗ ಅದು ಸೊನ್ನೆಯನ್ನೇ ತೋರಿಸುವ ಹಾಗೆ ಮಾಡುವುದನ್ನು, ನಾನು ಈಗ ಮರೆಯದೇ ಇರುವುದಕ್ಕೂ ಇದೇ ಕಾರಣ.

ಈಗ ಆ ಹುಲಿ ಇಲಿ ಕಥೆಗೆ ಬರೋಣ. ನಮ್ಮ ದಾರಿಯಲ್ಲಿ ಒಂದು 6 ನಿಮಿಷದ ಏರಿದೆ. ಹಳೆಯ ಫೈಲೊಂದನ್ನು ತೆಗೆದು ನಿಮಿಷ ನಿಮಿಷಕ್ಕೆ ಬಿಡಿಸಿ ನೋಡಿದೆ. ಮೊದಲ ನಿಮಿಷ 380 ವ್ಯಾಟ್. ಸಿಪಿಗಿಂತ 130 ಜಾಸ್ತಿ, 60 ಸೆಕೆಂಡು, ಅಂದರೆ 7.8 ಕಿಲೋಜೌಲ್. ಒಂದೇ ನಿಮಿಷಕ್ಕೆ ಜೇಬಿನಲ್ಲಿ ಅರ್ಧದ ಹತ್ತಿರ ಹತ್ತಿರ ಹೋಯಿತು! ಎರಡನೆಯ ನಿಮಿಷ 330, ಮೂರನೆಯದು 300, ನಾಲ್ಕನೆಯದು 260. ಅಲ್ಲಿಗೆ ಉಳಿದದ್ದು 1.8. ಆಮೇಲಿನ ಎರಡು ನಿಮಿಷ 220, 215. ಸರಾಸರಿ 284. ಸರಾಸರಿಯಲ್ಲಿ ಚೆಂದ ಕಾಣುತ್ತೆ ಅಂದೆನಲ್ಲ, ಇದೇ ಅದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಲೆಕ್ಕಕ್ಕೆ ಯಾವಾಗ ಖರ್ಚು ಮಾಡಿದಿರಿ ಅನ್ನೋದು ಮುಖ್ಯವೇ ಅಲ್ಲ. ಸಿಪಿಯ ಮೇಲೇ ಇದ್ದಷ್ಟು ಹೊತ್ತು ಮೊದಲು ಸುರಿದರೂ ಕೊನೆಗೆ ಸುರಿದರೂ ಸೂತ್ರದಲ್ಲಿ ಎರಡೂ ಒಂದೇ. ಹಾಗಿದ್ದರೆ 380ರಲ್ಲಿ ಶುರು ಮಾಡಿದ್ದರಲ್ಲಿ ತಪ್ಪೇನು? ಜೇಬು ಬಹುತೇಕ ಖಾಲಿಯಾದ ಮೇಲೂ ನಾನು ಸಿಪಿಯಲ್ಲಿ, ಅಂದರೆ 250ರಲ್ಲಿ ನಿಲ್ಲಬೇಕಿತ್ತು. ಸೂತ್ರ ಹಾಗೆ ಹೇಳುತ್ತದೆ. ಕಾಲು ಹಾಗೆ ಕೇಳುವುದಿಲ್ಲ. ಉಸಿರು ಎಗರಿ, ತೊಡೆ ಉರಿದು, 215ಕ್ಕೆ ಬಿದ್ದೆ. ಸ್ಕ್ರೀನಿನಲ್ಲಿ ಜೇಬು ಮತ್ತೆ ತುಂಬತೊಡಗಿತ್ತು, ಒಂದೊಂದೇ ನೂರು ಜೌಲ್. ಅದನ್ನು ಖರ್ಚು ಮಾಡುವ ಸ್ಥಿತಿಯಲ್ಲೇ ನಾನಿರಲಿಲ್ಲ.

ಮುಂದಿನ ಸಲ ಲೆಕ್ಕ ಹಾಕಿಕೊಂಡೇ ಹೋದೆ. ಮೊದಲೆರಡು ನಿಮಿಷ 285, ನಡುವಿನ ಎರಡು 295, ಕೊನೆಯೆರಡು 310. ಹಾಗಾದರೆ ಎರಡು ನಿಮಿಷಕ್ಕೆ ಜೇಬಿನಲ್ಲಿ 13.8 ಇರಬೇಕು, ನಾಲ್ಕಕ್ಕೆ 8.4, ತುದಿಯಲ್ಲಿ 1.2. ಈ ಮೂರು ಸಂಖ್ಯೆಗಳನ್ನು ಟೇಪಿನ ಮೇಲೆ ಬರೆದು ಹ್ಯಾಂಡಲ್‌ಗೆ ಅಂಟಿಸಿದೆ.

ಮೊದಲ ನಿಮಿಷ ನರಕ. ದೇಹಕ್ಕಲ್ಲ, ಮನಸ್ಸಿಗೆ. ನಾಲ್ಕು ಜನ ನನ್ನನ್ನು ದಾಟಿ ಹೋದರು. ಒಬ್ಬ ತಿರುಗಿ ನೋಡಿ "ಏನಾಯ್ತು, ಪಂಕ್ಚರಾ?" ಅಂದ. 285 ಆ ಹೊತ್ತಿಗೆ ಏನೂ ತುಳಿಯದ ಹಾಗಿತ್ತು. ಎರಡು ನಿಮಿಷಕ್ಕೆ ಸ್ಕ್ರೀನ್ 13.6 ತೋರಿಸಿತು. ಮೂರನೆಯ ನಿಮಿಷದ ಕೊನೆಗೆ ದಾಟಿ ಹೋದವರಲ್ಲಿ ಮೊದಲನೆಯವನ ಬೆನ್ನು ದೊಡ್ಡದಾಗತೊಡಗಿತು. ಅವನ ಭುಜ ಆಚೆ ಈಚೆ ತೂಗುತ್ತಿತ್ತು. ಅದು ನನ್ನದೇ ಹಳೆಯ ಭುಜ. ತುದಿಗೆ ಬಂದಾಗ 1.4, ಸರಾಸರಿ 296. ಹಳೆಯ ಹತ್ತುವಿಕೆಗಿಂತ ಸುಮಾರು 15 ಸೆಕೆಂಡು ಬೇಗ. ನೀರಿನ ಬಾಟಲಿ ತೆಗೆದು ಕುಡಿದು ಮುಚ್ಚಿದೆ. ಹಿರಿಯರು ಮಾತ್ರ ಆಗಲೂ ನನಗಿಂತ ಮುಂದೆಯೇ ಇದ್ದರು. ಅದು ಬೇರೆ ವಿಷಯ.

ಖರ್ಚಿನ ಲೆಕ್ಕ ನಂಬಬಹುದು. ವಾಪಸ್ ತುಂಬುವ ಲೆಕ್ಕವನ್ನು ಅಷ್ಟು ನಂಬಬೇಡಿ. ಯಾಕೆ ಅಂದರೆ ಅದಕ್ಕೆ ಸೂತ್ರ ಒಂದಲ್ಲ. ಸ್ಕಿಬಾ ಅವರ 2012ರ ಸೂತ್ರದಲ್ಲಿ ತುಂಬುವ ವೇಗ ನಿಧಾನ. ಆಮೇಲೆ ಬಂದ ಇನ್ನೊಂದು ಬಗೆಯಲ್ಲಿ ಸಿಪಿಗಿಂತ ಎಷ್ಟು ಕೆಳಗಿದ್ದೀರಿ, ಜೇಬು ಎಷ್ಟು ಖಾಲಿಯಿದೆ ಎರಡನ್ನೂ ಸೇರಿಸಿ ಸೆಕೆಂಡು ಸೆಕೆಂಡಿಗೂ ಲೆಕ್ಕ ಮಾಡುತ್ತಾರೆ. ಗೋಲ್ಡನ್‌ಚೀಟಾ ತಂತ್ರಾಂಶದಲ್ಲಿ ಎರಡೂ ಇವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ನನ್ನ ಸಂಖ್ಯೆಗಳನ್ನೇ ಹಾಕಿ ನೋಡಿದೆ. 9 ಕಿಲೋಜೌಲ್ ಖರ್ಚಾಗಿದೆ, ಆಮೇಲೆ 3 ನಿಮಿಷ 150 ವ್ಯಾಟ್‌ನಲ್ಲಿ ಆರಾಮಾಗಿ ತುಳಿದೆ ಅಂತಿಟ್ಟುಕೊಳ್ಳಿ. ಮೊದಲ ಸೂತ್ರ ಸುಮಾರು 2.6 ವಾಪಸ್ ಬಂತು ಅನ್ನುತ್ತದೆ. ಎರಡನೆಯದು 5.7 ಅನ್ನುತ್ತದೆ. ಅದೇ ಕಾಲು, ಅದೇ ರಸ್ತೆ, ಎರಡು ಉತ್ತರ!

ನನ್ನ ಕಾಲು ಇವೆರಡರ ನಡುವೆ ಎಲ್ಲೋ ಇದೆ. ಮೊದಲ ಏರಿನ ನಂತರ ಎರಡನೆಯ ಸೂತ್ರಕ್ಕೆ ಹತ್ತಿರ, ನಾಲ್ಕನೆಯ ಏರಿನ ನಂತರ ಮೊದಲನೆಯದಕ್ಕೆ. ನಿಮ್ಮ ಕಂಪ್ಯೂಟರ್ ಯಾವುದನ್ನು ಬಳಸುತ್ತದೆ ಅಂತ ತಿಳಿದುಕೊಂಡು, ಅದೊಂದನ್ನೇ ತಿಂಗಳುಗಟ್ಟಲೆ ನೋಡಿ. ಇವತ್ತು ಒಂದು, ನಾಳೆ ಒಂದು ಅಂತ ಬದಲಾಯಿಸಿದರೆ ಏನೂ ಗೊತ್ತಾಗಲ್ಲ.

ಗುಂಪಿನಲ್ಲಿ ಹೋಗುವಾಗ ಈ ಲೆಕ್ಕ ಕಲಿಸಿದ್ದು ಇನ್ನೂ ಜಾಸ್ತಿ. ನಾನು ಏರಿನಲ್ಲಿ ಮಾತ್ರ ದುಂದು ಮಾಡುತ್ತೇನೆ ಅಂದುಕೊಂಡಿದ್ದೆ. ನಿಜವಾದ ಸೋರಿಕೆ ಸಮತಟ್ಟಿನಲ್ಲಿತ್ತು. ಮುಂದಿನವನ ಚಕ್ರ ಹತ್ತು ಅಡಿ ದೂರವಾಯಿತು ಅಂತ 500 ವ್ಯಾಟ್‌ನಲ್ಲಿ 20 ಸೆಕೆಂಡು ಓಡಿಸಿದರೆ 5 ಕಿಲೋಜೌಲ್ ಹೋಯಿತು. ತಿರುವಿನಿಂದ ಎದ್ದು 550ರಲ್ಲಿ 8 ಸೆಕೆಂಡು ತುಳಿದರೆ 2.4. ಒಂದು ಬೆಳಗಿನ ಫೈಲಿನಲ್ಲಿ ಇಂಥವನ್ನು ಎಣಿಸಿದೆ, ಹದಿಮೂರು ಇದ್ದವು. ಅದರಲ್ಲಿ ಬೇಕಿದ್ದದ್ದು ಎರಡೋ ಮೂರೋ. ಉಳಿದವೆಲ್ಲ ಸುಮ್ನೆ. ಈಗ ತಿರುವಿಗೆ ಮೊದಲೇ ಗೇರ್ ಇಳಿಸಿಕೊಂಡು, ಸಂದು ಬಿಟ್ಟರೂ ಒಂದು ನಿಮಿಷ ತೆಗೆದುಕೊಂಡು ಸೇರಿಕೊಳ್ಳುತ್ತೇನೆ.

ಟೈಮ್ ಟ್ರಯಲ್‌ನಲ್ಲಿ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆಯಲ್ಲಿ, ಮಾತ್ರ ಇದರಿಂದ ಹೆಚ್ಚು ನಿರೀಕ್ಷೆ ಬೇಡ. 18 ಕಿಲೋಜೌಲನ್ನು 40 ನಿಮಿಷಕ್ಕೆ ಹಂಚಿ ನೋಡಿ, ಬರುವುದು 7.5 ವ್ಯಾಟ್. 6 ನಿಮಿಷಕ್ಕೆ ಹಂಚಿದರೆ 50. ಅದೂ ಅಲ್ಲದೆ, ಇಷ್ಟು ಉದ್ದದ ದೂರಕ್ಕೆ ಈ ಸೂತ್ರ ಕೊಡುವ ಸಂಖ್ಯೆ ಸ್ವಲ್ಪ ಉದಾರಿ. ಸಮತಟ್ಟು ರಸ್ತೆಯಾದರೆ ಸಿಪಿಗಿಂತ ಸ್ವಲ್ಪ ಕೆಳಗೆ ಒಂದೇ ಸಮನೆ ತುಳಿದು, ಕೊನೆಯ ಐದು ನಿಮಿಷಕ್ಕೆ ಜೇಬು ಬಿಚ್ಚುತ್ತೇನೆ. ಏರಿಳಿತ ಇದ್ದರೆ ಏರಿನಲ್ಲೂ ಎದುರುಗಾಳಿಯಲ್ಲೂ ಸ್ವಲ್ಪ ಖರ್ಚು, ಇಳಿಜಾರಿನಲ್ಲಿ ವಿಶ್ರಾಂತಿ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಇಳಿಜಾರಿನಲ್ಲಿ 50 ವ್ಯಾಟ್ ಹೆಚ್ಚಿಗೆ ಸುರಿದರೂ ಸಿಗುವುದು ಚೂರು ವೇಗ.

ಉದ್ದದ ಸವಾರಿಯಲ್ಲಿ ಸ್ಕ್ರೀನ್ ಇನ್ನೊಂದು ರೀತಿ ಮೋಸ ಮಾಡುತ್ತದೆ. ಮೂರು ಗಂಟೆಯ ನಂತರ, ಬಿಸಿಲೇರಿದ ಮೇಲೆ, ಸರಿಯಾಗಿ ತಿಂದಿರದಿದ್ದರೆ, ಸಿಪಿ ಬೆಳಿಗ್ಗೆ ಇದ್ದಷ್ಟು ಇರುವುದಿಲ್ಲ. ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಅದು ಪಾಪ, 18 ತುಂಬಿದೆ ಅಂತಲೇ ತೋರಿಸುತ್ತಿರುತ್ತದೆ. ಒಂದು ಸಲ ನಾಲ್ಕನೆಯ ಗಂಟೆಯಲ್ಲಿ ಅದನ್ನು ನಂಬಿ ಒತ್ತಿದೆ. ಸ್ಕ್ರೀನಿನಲ್ಲಿ ಇನ್ನೂ 9 ಇರುವಾಗಲೇ ಕಾಲು ಕೈಕೊಟ್ಟಿತು, ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತೆ. ಈಗ ಮೂರು ಗಂಟೆ ದಾಟಿದರೆ ನನ್ನ ಸಿಪಿ 235 ಅಂತ ತಲೆಯಲ್ಲೇ ಇಳಿಸಿಕೊಳ್ಳುತ್ತೇನೆ. ಈ 15 ಎಲ್ಲಿಂದ ಬಂತು ಅಂದರೆ, ಆ ಕಲ್ಲಿನಿಂದ. ನಿಮಗೆ ಬೇರೆ ಇರುತ್ತದೆ.

ಮೊದಮೊದಲು ಈ ಸಂಖ್ಯೆಯನ್ನು ಸ್ಕ್ರೀನಿನ ಅರ್ಧದಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದೆ. ಅದನ್ನೇ ನೋಡುತ್ತಾ ಒಮ್ಮೆ ರಸ್ತೆ ಬಿಟ್ಟು ಮಣ್ಣಿಗೆ ಇಳಿದೆ. ಈಗ ಅದು ಎರಡನೆಯ ಪುಟದಲ್ಲಿ, ಮೂಲೆಯಲ್ಲಿ. ಏರಿನ ಮೂರನೇ ಒಂದು ಭಾಗಕ್ಕೊಮ್ಮೆ, ಮೂರನೇ ಎರಡು ಭಾಗಕ್ಕೊಮ್ಮೆ ನೋಡುತ್ತೇನೆ. ತುದಿ ಕಂಡ ಮೇಲೆ ನೋಡುವುದಿಲ್ಲ, ಅಲ್ಲಿ ಇದ್ದದ್ದನ್ನೆಲ್ಲ ಸುರಿಯುವುದೇ.

ಹೋದ ವಾರ ಅದೇ 6 ನಿಮಿಷದ ಏರಿನ ಮೇಲೆ ನಿಂತು ನೋಡಿದರೆ ಮೈನಸ್ 1.6. ಅದರ ಹಿಂದಿನ ವಾರ ಮೈನಸ್ 0.9. ಎರಡು ಸಲವೂ ಹೊರಡುವ ಮೊದಲು ಮೀಟರನ್ನು ಸೊನ್ನೆಗೆ ತಂದಿದ್ದೆ, ಹಾಗಾಗಿ ತಪ್ಪನ್ನು ಅದರ ಮೇಲೆ ಹಾಕುವ ಹಾಗಿಲ್ಲ. ಕಾಲು ಮುಂದೆ ಹೋಗಿದೆ, ಸಂಖ್ಯೆ ಹಿಂದೆ ಉಳಿದಿದೆ. ಖುಷಿಯ ವಿಷಯವೇ. ಆದರೆ ಮತ್ತೆ 3 ನಿಮಿಷದ ಟೆಸ್ಟ್ ಮಾಡಬೇಕು. ಅದರ ಕೊನೆಯ 40 ಸೆಕೆಂಡ್ ನೆನಪಾದರೇ ಹೊಟ್ಟೆ ತೊಳಸುತ್ತದೆ. ಗುರುವಾರ ಅಂದುಕೊಂಡಿದ್ದೆ. ಶನಿವಾರ ಮಾಡಿದರಾಯಿತು.