ಒಂಟಿ ಚಕ್ರದ ಸೈಕಲ್: ಮಕ್ಕಳಿಗೆ ಕಲಿಸುವುದು ಹೇಗೆ?

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಮಕ್ಕಳು ಬೀಳುವಾಗ ಮರಾಠಿಯಲ್ಲಿ ಕೂಗುತ್ತಾರೆ. ಮನೆಯಲ್ಲಿ ಅಪ್ಪಟ ಧಾರವಾಡದ ಕನ್ನಡ ಮಾತಾಡುವ ನನ್ನ ತಂಗಿಯ ಮಗಳೂ ಅಷ್ಟೇ. ಯೂನಿಸೈಕಲ್ ಮೇಲೆ ಹತ್ತಿಸಿದ ಮೊದಲ ದಿನ ಅವಳ ಬಾಯಿಂದ ಬಂದದ್ದು "ಸೋಡೂ ನಕೋ! ಮಾಮಾ, ಸೋಡೂ ನಕೋ!" ಅಂದರೆ, ಬಿಡಬೇಡ. ನಾನು ಬಿಡಲಿಲ್ಲ. ಮೂರು ವಾರ ಬಿಡಲೇ ಇಲ್ಲ. ಮೂರು ವಾರ ಅವಳು ಕಲಿಯಲೂ ಇಲ್ಲ.

ತಪ್ಪು ಅವಳದ್ದಲ್ಲ, ನನ್ನದು ಅಂತ ಆಮೇಲೆ ಗೊತ್ತಾಯಿತು. ಅದನ್ನು ಹೇಳುವ ಮುಂಚೆ ಸೈಕಲ್ ಕೊಳ್ಳುವ ವಿಷಯ ಮುಗಿಸೋಣ. ಅಲ್ಲೂ ನಾನು ಎಡವಿದ್ದೇನೆ.

ಹುಡುಗಿಗೆ ಆಗ ಆರೂವರೆ ವರ್ಷ. ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ ಅಂತ 20 ಇಂಚಿನ ಚಕ್ರದ್ದು ತರಿಸಿದೆ. ಸ್ಕೂಲ್ ಯೂನಿಫಾರ್ಮ್ ಕೊಳ್ಳುವಾಗ ನಾವೆಲ್ಲ ಮಾಡುವ ಲೆಕ್ಕ ಇದು, ಅಲ್ವಾ? ಯೂನಿಸೈಕಲ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಸೀಟನ್ನು ಪೂರ್ತಿ ಇಳಿಸಿದರೂ ಕೆಳಗಿನ ಪೆಡಲ್ ಅವಳ ಕಾಲಿಗೆ ಸಿಗಲಿಲ್ಲ. ಕೊನೆಗೆ 16 ಇಂಚಿನದು ಬಂತು. ದೊಡ್ಡದು ಒಂದು ವರ್ಷ ಲಾಫ್ಟ್ ಮೇಲೆ ಮಲಗಿತ್ತು.

ಆದ್ದರಿಂದ ವಯಸ್ಸು ನೋಡಬೇಡಿ, ಕಾಲು ಅಳೆಯಿರಿ. ಮಗು ಶೂ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಟೇಪ್ ಹಿಡಿಯಿರಿ. ಸುಮಾರು 50–55 ಸೆಂ.ಮೀ. ಇದ್ದರೆ 16 ಇಂಚಿನದು ಸರಿ. 60 ದಾಟಿ ಇನ್ನಷ್ಟು ಉದ್ದವಾದ ಮೇಲೆ 20 ಇಂಚಿನದು. ತೀರಾ ಪುಟ್ಟ ಮಕ್ಕಳಿಗೆ 12 ಇಂಚಿನದೂ ಬರುತ್ತದೆ. ಸೀಟಿನ ಕೊಳವೆ ಉದ್ದವಾಯಿತು ಅಂದರೆ ಹ್ಯಾಕ್‌ಸಾ ಬ್ಲೇಡಿನಿಂದ ಒಂದಿಷ್ಟು ಕತ್ತರಿಸಿಕೊಳ್ಳಬಹುದು. ಸೀಟಿನ ಮೇಲೆ ಕುಳಿತಾಗ ಕೆಳಗಿನ ಪೆಡಲ್ ಮೇಲೆ ಕಾಲು ಹೆಚ್ಚುಕಮ್ಮಿ ನೇರವಾಗಬೇಕು, ಮಂಡಿ ಚೂರು ಬಾಗಿರಬೇಕು. ಅದೇ ಸರಿಯಾದ ಎತ್ತರ.

ಪೆಡಲ್ ಜೋಡಿಸುವಾಗ ಗಮನ ಇರಲಿ. ಎಡದ ಪೆಡಲಿನ ಮರೆ (ತಿರುಪಿನ ಥ್ರೆಡ್) ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೆಡಲ್ ಮೇಲೆ ಎಲ್, ಆರ್ ಅಂತ ಅಕ್ಷರ ಇರುತ್ತದೆ, ನೋಡಿ ಹಾಕಿ. ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ಸೀಟನ್ನು ಹಿಂದೆ ಮುಂದೆ ಮಾಡಿ ಹಾಕಿದರೂ ಎಡ ಬಲ ಅದಲು ಬದಲಾಗಿ, ಓಡಿಸುತ್ತಾ ಓಡಿಸುತ್ತಾ ಪೆಡಲ್ ತಾನೇ ಬಿಚ್ಚಿಕೊಳ್ಳುತ್ತದೆ. ಗಾಳಿ ಗಟ್ಟಿಯಾಗಿ ತುಂಬಿ. ಟೈರ್ ಮೆತ್ತಗಿದ್ದರೆ ನೆಲಕ್ಕೆ ಅಂಟಿಕೊಂಡ ಹಾಗೆ ಆಗುತ್ತದೆ.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮಂಡಿ ಪ್ಯಾಡ್ ಬೇಕೇ ಬೇಕು. ಚಪ್ಪಲಿ ಬೇಡ. ಶೂ ಲೇಸನ್ನು ಒಳಗೆ ಸಿಕ್ಕಿಸಿ. ಈ ಸೈಕಲ್‌ಗೆ ಚೈನ್ ಇಲ್ಲ, ನಿಜ. ಆದರೆ ಲೇಸ್ ಹೋಗಿ ಪೆಡಲಿಗೇ ಸುತ್ತಿಕೊಳ್ಳುತ್ತದೆ.

ಎಲ್ಲಿ ಕಲಿಸುವುದು?

ನಾನು ಮೊದಲು ಯೋಚಿಸಿದ್ದು ದಾದರಿನ ಶಿವಾಜಿ ಪಾರ್ಕನ್ನು. ಮೈದಾನದ ಸುತ್ತ ಕಟ್ಟೆ ಇದೆಯಲ್ಲ, ಅದನ್ನು ಹಿಡಿದು ಹೋಗಬಹುದು ಅಂತ. ಒಂದು ಭಾನುವಾರ ಸೈಕಲನ್ನು ಲೋಕಲ್ ರೈಲಿನಲ್ಲಿ ಹೊತ್ತುಕೊಂಡೂ ಹೋದೆವು. ಆ ಕಟ್ಟೆ ಕುಳಿತು ಹರಟೆ ಹೊಡೆಯುವುದಕ್ಕೆ ಚೆನ್ನ. ಯೂನಿಸೈಕಲ್ ಮೇಲೆ ಕುಳಿತ ಮಗುವಿಗೆ ತೀರಾ ತಗ್ಗು. ಅದನ್ನು ಹಿಡಿಯಲು ಬಗ್ಗಿದರೆ ಬಿದ್ದ ಹಾಗೆಯೇ. ಹುಲ್ಲು, ಮಣ್ಣು ಮೆತ್ತಗಿರುತ್ತದೆ ಅಂತ ಮೈದಾನಕ್ಕೆ ಇಳಿಸಿದರೆ ಚಕ್ರ ಉರುಳುವುದೇ ಇಲ್ಲ.

ಕೊನೆಗೆ ಒಳ್ಳೆಯ ಜಾಗ ಸಿಕ್ಕಿದ್ದು ನಮ್ಮ ಬಿಲ್ಡಿಂಗಿನ ಕೆಳಗೇ, ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ, ಅಂದರೆ ಕಟ್ಟಡವನ್ನು ಹೊತ್ತ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗದಲ್ಲಿ. ಬೆಳಗ್ಗೆ ಹತ್ತಕ್ಕೆ ಅರ್ಧ ಕಾರುಗಳು ಆಫೀಸಿಗೆ ಹೋಗಿರುತ್ತವೆ. ನೆಲ ಸಿಮೆಂಟಿನದು, ಸಪಾಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಮಳೆ ಯಾರನ್ನೂ ಹೊರಗೆ ಬಿಡುವುದಿಲ್ಲ, ಕಾಂಪೌಂಡಿನ ಪೇವರ್ ಬ್ಲಾಕ್ ಮೇಲೆ ಪಾಚಿ ಬೇರೆ. ಪಾರ್ಕಿಂಗ್ ಒಳಗೆ ಒಣಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಕಂಬಗಳಿವೆ. ಸೊಸೈಟಿ ಸೆಕ್ರೆಟರಿಯನ್ನು ಒಂದು ಮಾತು ಕೇಳಿಕೊಳ್ಳಿ. ಕಾರಿಗೆ ಗೀರು ಬಿದ್ದರೆ ನಾನು ಜವಾಬ್ದಾರ ಅಂತ ನಾನೇ ಬರೆದುಕೊಟ್ಟಿದ್ದೇನೆ.

ಮೊದಲ ದಿನ ಬರೀ ಇಳಿಯುವುದನ್ನು ಕಲಿಸಿ. ಕೈ ಹಿಡಿದು ಸೀಟಿನ ಮೇಲೆ ಕೂರಿಸಿ, ಮುಂದಕ್ಕೆ ಹೆಜ್ಜೆ ಹಾಕಿ ಇಳಿಯಲು ಹೇಳಿ. ಸೈಕಲ್ ಹಿಂದಕ್ಕೆ ಬೀಳುತ್ತದೆ, ಬೀಳಲಿ. ಹತ್ತು ಹದಿನೈದು ಸಲ ಇದೇ ಆಟ. ಮುಂದಕ್ಕೆ ಇಳಿದರೆ ಕಾಲ ಮೇಲೆ ನಿಲ್ಲುತ್ತಾರೆ. ಹಿಂದಕ್ಕೆ ವಾಲಿದರೆ ಸೈಕಲ್ ಮುಂದಕ್ಕೆ ಹಾರುತ್ತದೆ, ಮಗು ಕುಂಡಿ ಊರುತ್ತದೆ. ಸೈಕಲ್ ಬಿದ್ದು ಹಾಳಾಯಿತು ಅಂತ ಬೈಯಬೇಡಿ. ಬೈದರೆ ಮಕ್ಕಳು ಸೈಕಲ್ ಉಳಿಸಲು ಹೋಗಿ ತಾವು ಬೀಳುತ್ತಾರೆ.

ಎರಡನೇ ದಿನ ಹತ್ತುವುದು. ಕಾರಿನ ಚಕ್ರ ತಡೆಯಲು ಪಾರ್ಕಿಂಗ್‌ನಲ್ಲಿ ಸ್ಟಾಪರ್ ಹಾಕಿರುತ್ತಾರಲ್ಲ, ಅದರ ಮುಂದೆ ಚಕ್ರವನ್ನು ಆನಿಸಿ ಇಡಿ. ಇಟ್ಟಿಗೆಯಾದರೂ ನಡೆಯುತ್ತದೆ. ಪೆಡಲ್‌ಗಳು ಮೇಲೆ ಕೆಳಗೆ ಇರಬಾರದು. ಒಂದು ಮುಂದೆ, ಒಂದು ಹಿಂದೆ ಇರಬೇಕು, ಹಿಂದಿನದು ಚೂರು ತಗ್ಗಿ. ಮಗು ಚಕ್ರದ ಹಿಂದೆ ನಿಂತು, ಸೀಟನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಹಿಂದಿನ ಪೆಡಲ್ ಮೇಲೆ ಕಾಲಿಟ್ಟು ಏರಬೇಕು. ಸ್ಟಾಪರ್ ಇಲ್ಲದಿದ್ದರೆ ಆ ಕಾಲಿನ ಭಾರಕ್ಕೆ ಚಕ್ರ ಹಿಂದಕ್ಕೆ ಉರುಳಿಬಿಡುತ್ತದೆ.

ಹತ್ತಿದ ಮೇಲೆ ಎಲ್ಲ ಮಕ್ಕಳೂ ಒಂದೇ ತಪ್ಪು ಮಾಡುತ್ತಾರೆ. ಕೂರುವುದಿಲ್ಲ, ಪೆಡಲ್ ಮೇಲೆ ನಿಲ್ಲುತ್ತಾರೆ. ಎರಡೂ ಪೆಡಲ್ ಮೇಲೆ ಮೈಭಾರ ಬಿದ್ದರೆ ಚಕ್ರ ತಿರುಗುವುದು ಹೇಗೆ? ತೊಡೆ ನೋಡಿ. ನಡುಗುತ್ತಿದ್ದರೆ ನಿಂತಿದ್ದಾರೆ ಅಂತ ಅರ್ಥ. "ಸೀಟಿನ ಮ್ಯಾಲ ಕುಂಡ್ರು, ಜೋಕಾಲ್ಯಾಗ ಕುಂತಂಗ ಕುಂಡ್ರು" ಅಂತ ನಾನು ದಿನಕ್ಕೆ ನೂರು ಸಲ ಹೇಳಿರಬೇಕು. ಮೈಭಾರ ಸೀಟಿಗೆ, ಕಾಲು ಬರೀ ತುಳಿಯುವುದಕ್ಕೆ.

ಆಮೇಲೆ ಅರ್ಧ ಸುತ್ತಿನ ಅಭ್ಯಾಸ. ಕಂಬ ಹಿಡಿದು, ಇನ್ನೊಂದು ಕಡೆ ನಿಮ್ಮ ಕೈ ಹಿಡಿದು, ಅರ್ಧ ಸುತ್ತು ತುಳಿದು ನಿಲ್ಲಬೇಕು. ಮುಂದಿದ್ದ ಪೆಡಲ್ ಹಿಂದೆ ಬಂತು, ಹಿಂದಿದ್ದದ್ದು ಮುಂದೆ. ನಿಲ್ಲು. ಮತ್ತೆ ಅರ್ಧ. ಪೆಡಲ್ ನೆಟ್ಟಗೆ ಮೇಲೆ ಕೆಳಗೆ ಬಂದ ಕ್ಷಣದಲ್ಲಿ ತುಳಿತಕ್ಕೆ ಬಲವೇ ಇರುವುದಿಲ್ಲ, ಅಲ್ಲಿ ನಿಂತರೆ ಬಿದ್ದರು. ಆ ಜಾಗವನ್ನು ನಿಲ್ಲದೆ ದಾಟುವುದು ಕಾಲಿಗೆ ರೂಢಿಯಾಗಬೇಕು. ಎರಡು ಚಕ್ರದ ಸೈಕಲ್ ಬರುವ ಮಕ್ಕಳಿಗೆ ಇಲ್ಲಿ ಸ್ವಲ್ಪ ಕಷ್ಟವೇ. ಅವರು ತುಳಿದು ಸುಮ್ನೆ ಬಿಡುತ್ತಾರೆ, ಸೈಕಲ್ ತಾನೇ ಹೋಗುತ್ತದೆ ಅಂತ. ಇಲ್ಲಿ ಪೆಡಲ್ ನೇರವಾಗಿ ಚಕ್ರಕ್ಕೇ ಸೇರಿದೆ. ಕಾಲು ನಿಂತರೆ ಚಕ್ರ ನಿಂತಿತು, ಮಗು ಮುಂದೆ ಹೋಯಿತು.

ಕೈ ಯಾರದು, ಹಿಡಿತ ಯಾರದು?

ಈಗ ಆ ಮೂರು ವಾರದ ಕಥೆ. ನಾನು ಅವಳ ರಟ್ಟೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಅವಳು ಚೂರು ವಾಲಿದರೆ ಸಾಕು, ನನ್ನ ಕೈ ತಾನೇ ಎಳೆದು ನೆಟ್ಟಗೆ ನಿಲ್ಲಿಸುತ್ತಿತ್ತು. ವಾಲಿದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ದಿನ ಆಫೀಸಿನಿಂದ ಫೋನ್ ಬಂತು. ಬಲಗೈಯಲ್ಲಿ ಫೋನ್, ಎಡಗೈ ಮುಷ್ಟಿ ಕಟ್ಟಿ ಅವಳ ಸೊಂಟದ ಮಟ್ಟಕ್ಕೆ ಸುಮ್ನೆ ಚಾಚಿದೆ. ಬೇರೆ ದಾರಿಯಿಲ್ಲದೆ ಅವಳೇ ನನ್ನ ಮುಂಗೈ ಹಿಡಿದಳು. ಮಾತಾಡುತ್ತಾ ನಡೆದೆ. ಫೋನ್ ಇಟ್ಟು ನೋಡಿದರೆ ಪಾರ್ಕಿಂಗಿನ ಆ ತುದಿಗೆ ಬಂದಿದ್ದೇವೆ! ಎಂಟು ಸುತ್ತು, ಒಮ್ಮೆಯೂ ಬಿದ್ದಿಲ್ಲ.

ಇಷ್ಟೇ ವಿಷಯ. ನೀವು ಮಗುವನ್ನು ಹಿಡಿಯಬೇಡಿ, ಮಗು ನಿಮ್ಮನ್ನು ಹಿಡಿಯಲಿ. ಬೇಕಾದಾಗ ಒತ್ತುತ್ತಾರೆ, ಬೇಡವಾದಾಗ ಸಡಿಲ ಬಿಡುತ್ತಾರೆ. ಒತ್ತಡ ಎಷ್ಟಿದೆ ಅಂತ ನಿಮ್ಮ ಮುಂಗೈಗೇ ಗೊತ್ತಾಗುತ್ತದೆ. ಮೊದಲು ಭಾರ, ಆಮೇಲೆ ಬೆರಳು, ಆಮೇಲೆ ಒಂದೇ ಬೆರಳು. ಕೈ ಎತ್ತರದಲ್ಲಿ ಇಡಬೇಡಿ, ಜೋತು ಬೀಳುತ್ತಾರೆ. ದಿನಾ ಒಂದೇ ಬದಿಗೆ ನಿಂತರೆ ಆ ಬದಿಗೇ ವಾಲುವ ಚಟ ಹತ್ತುತ್ತದೆ, ಬದಿ ಬದಲಿಸುತ್ತಿರಿ.

ಬ್ಯಾಲೆನ್ಸ್ ಅಂದರೇನು ಅಂತ ಭಾಷಣ ಮಾಡಬೇಡಿ. ಅಂಗೈ ಮೇಲೆ ಕಸಬರಿಗೆ ನಿಲ್ಲಿಸುವ ಆಟ ಆಡಿಸಿ. ಕಸಬರಿಗೆ ಬೀಳುವ ಕಡೆಗೆ ಕೈ ಓಡುತ್ತದೆ. ಚಕ್ರವೂ ಹಾಗೇ, ಮೈ ವಾಲಿದ ಕಡೆಗೆ ಓಡಬೇಕು. ಮತ್ತು ಕಸಬರಿಗೆಯ ತುದಿ ನೋಡಿದರೆ ನಿಲ್ಲುತ್ತದೆ, ಅಂಗೈ ನೋಡಿದರೆ ಬೀಳುತ್ತದೆ. ಸೈಕಲ್ ಮೇಲೂ ಚಕ್ರ ನೋಡಬಾರದು, ದೂರ ನೋಡಬೇಕು. ನಮ್ಮ ಹುಡುಗಿಗೆ ಎದುರಿನ ಲಿಫ್ಟಿನ ಬಾಗಿಲು ನೋಡಲು ಹೇಳುತ್ತಿದ್ದೆ.

ಇನ್ನು ಕಂಬಗಳು. 16 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂಕಾಲು ಮೀಟರ್ ಹೋಗುತ್ತದೆ. ನಮ್ಮಲ್ಲಿ ಎರಡು ಕಂಬದ ನಡುವೆ ಎರಡು ಕಾರು ನಿಲ್ಲುತ್ತವೆ, ಅಂದರೆ ಹತ್ತಿರ ಹತ್ತಿರ ಐದು ಮೀಟರ್. ನಾಲ್ಕು ಸುತ್ತು ತುಳಿದರೆ ಮುಂದಿನ ಕಂಬ. ಕೈ ಬಿಡಿಸಿಕೊಂಡು ಎಲ್ಲಿಯವರೆಗೆ ಹೋದಳೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು, ಪಕ್ಕದಲ್ಲಿ ತಾರೀಖು. ಗೆರೆಗಳು ದಿನಾ ಮುಂದೆ ಹೋಗಲಿಲ್ಲ. ಎರಡು ದಿನ ಮುಂದೆ, ಒಂದು ದಿನ ಹಿಂದೆ. ಒಂದು ವಾರ ಒಂದೇ ಜಾಗದಲ್ಲಿ ಏಳು ಗೆರೆ. ಎಂಟನೇ ದಿನ ಕಂಬ ಮುಟ್ಟಿದಳು. ಮುಟ್ಟಿ ಅಪ್ಪಿಕೊಂಡಳು, ಮೂಗಿಗೆ ಸುಣ್ಣ ಮೆತ್ತಿತ್ತು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಜಾಸ್ತಿ ಮಾಡಿದರೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ನಿಲ್ಲಲು ಶುರು ಮಾಡುತ್ತದೆ. ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ತಿಂಗಳು ಬೇಕು. ಇದು ಸರ್ಕಸ್‌ನವರ ವಿದ್ಯೆ ಅಂತ ಹೆದರುವವರಿಗೆ ಒಂದು ಮಾತು. ಜಪಾನಿನಲ್ಲಿ 1989ರಲ್ಲಿ ಪ್ರಾಥಮಿಕ ಶಾಲೆಯ ಪಠ್ಯಕ್ರಮದಲ್ಲೇ ಯೂನಿಸೈಕಲ್ ಸೇರಿಸಿದರು. ಅಲ್ಲಿ ಮಕ್ಕಳು ಕಂಬಿ ಹಿಡಿದು, ಒಬ್ಬರ ಕೈ ಇನ್ನೊಬ್ಬರು ಹಿಡಿದು ಕಲಿಯುತ್ತಾರೆ. ನಮ್ಮ ಬಿಲ್ಡಿಂಗಿನಲ್ಲೂ ಮೂರನೇ ಮಹಡಿಯ ಹುಡುಗನಿಗೆ ಕಲಿಸಿದ್ದು ನಾನಲ್ಲ, ಇವಳೇ. ನನಗಿಂತ ಬೇಗ ಕಲಿಸಿದಳು.

ಯಾವ ಆಸರೆಯೂ ಇಲ್ಲದೆ ನೆಲದಿಂದ ಹತ್ತುವುದು ಎಲ್ಲಕ್ಕಿಂತ ಕಷ್ಟ. ಅವಸರ ಬೇಡ. ನಮ್ಮ ಹುಡುಗಿ ಇನ್ನೂ ಕಂಬ ಹಿಡಿದೇ ಹತ್ತುತ್ತಾಳೆ, ಹತ್ತಿ ಗೇಟಿನವರೆಗೆ ಹೋಗಿ ಬರುತ್ತಾಳೆ. ಗೇಟು ದಾಟಲು ಬಿಡಬೇಡಿ ಅಂತ ವಾಚ್‌ಮನ್‌ಗೆ ಹೇಳಿಟ್ಟಿದ್ದೇವೆ. ಬ್ರೇಕ್ ಇಲ್ಲದ ಗಾಡಿ, ಆಚೆ ರಿಕ್ಷಾ ಸ್ಟ್ಯಾಂಡು.